ಫಲ್ಗುಣಿ ತಟದ ವೇಣೂರಿಗೆ ಅರ್ಧ ದಿನ ಕೊಡಿ

ಮೂಡುಬಿದಿರೆ ನೋಡಿ ಧರ್ಮಸ್ಥಳಕ್ಕೆ ಹೊರಟವರು ನಡುವೆ ವೇಣೂರಿನಲ್ಲಿ ಇಳಿದು, ಬಾಹುಬಲಿಗೆ ಕೈಮುಗಿದು, ಒಂದು ಸೆಲ್ಫಿ ತೆಗೆದು ಹೊರಟೇಬಿಡುತ್ತಾರೆ. ಪಕ್ಕದಲ್ಲೇ ಹರಿಯುವ ಫಲ್ಗುಣಿಯತ್ತ ಹೆಚ್ಚಿನವರು ತಿರುಗಿಯೂ ನೋಡುವುದಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಈ ಊರಿಗೆ ಅರ್ಧ ದಿನವಾದರೂ ಬೇಕು.

ಮೊದಲು ಕ್ರಮ ಬದಲಿಸಿ: ಬೆಳಿಗ್ಗೆ ವೇಣೂರು, ಮಧ್ಯಾಹ್ನದ ಮೇಲೆ ಮೂಡುಬಿದಿರೆ. ಬಾಹುಬಲಿಯ ಅಂಗಳಕ್ಕೆ ಚಾವಣಿಯಿಲ್ಲ, ಚಪ್ಪಲಿ ಹೊರಗೇ ಬಿಡಬೇಕು. ಬಿಸಿಲೇರಿದ ಮೇಲೆ ಅಲ್ಲಿನ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವುದು ಕಷ್ಟ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಾದರೆ ನೆರಳಿಗೆ ಕೊರತೆಯಿಲ್ಲ.

ಮಂಗಳೂರಿನಿಂದ ಬರುವವರು ಮೂಡುಬಿದಿರೆ ಬಸ್ ಹಿಡಿದು ಅಲ್ಲಿಂದ ವೇಣೂರು ಕಡೆಯ ಬಸ್ ಹತ್ತಿ. ಕಂಡಕ್ಟರ್ ‘ಬೆದ್ರ, ಬೆದ್ರ’ ಎಂದು ಕೂಗಿದರೆ ಅದೇ ಮೂಡುಬಿದಿರೆ. ಬಂಟ್ವಾಳ ಕಡೆಯವರು ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ ಹತ್ತಿ ಗುರುವಾಯನಕೆರೆಯಲ್ಲಿ ಇಳಿದು ಬಸ್ ಬದಲಿಸಬೇಕು. ಚಾರ್ಮಾಡಿ ಘಾಟಿ ಇಳಿದು ಬರುವವರಿಗೂ ಗುರುವಾಯನಕೆರೆಯೇ ತಿರುವು.

ವೇಣೂರಿನ 35 ಅಡಿಯ ಬಾಹುಬಲಿ ಮೂರ್ತಿಯನ್ನು 1604ರಲ್ಲಿ ನಿಲ್ಲಿಸಿದವನು ಇಲ್ಲಿನ ಅರಸ ತಿಮ್ಮಣ್ಣ ಅಜಿಲ. ಕಾರ್ಕಳದ 42 ಅಡಿಯ ಬಾಹುಬಲಿಗೆ ಹೋಲಿಸಿದರೆ ಚಿಕ್ಕದು. ಹಾಗಾಗಿಯೇ ಮುಖ ಚೆನ್ನಾಗಿ ಕಾಣುತ್ತದೆ: ಕೆನ್ನೆಯಲ್ಲಿ ಗುಳಿ ಬಿದ್ದ ನಗು. ಅದು ಕಂಡ ಮೇಲೆಯೇ ಕ್ಯಾಮೆರಾ ತೆಗೆಯಿರಿ. ಮೂರ್ತಿಯ ಎರಡೂ ಪಕ್ಕದಲ್ಲಿ ಅಕ್ಕಂಗಳ ಬಸದಿ, ಬಿನ್ನಾಣಿ ಬಸದಿ ಇವೆ. ಚರ್ಮದ ಬೆಲ್ಟು, ಚೀಲ ಬಸದಿಯೊಳಗೆ ಬೇಡ.

ಆಮೇಲೆ ಫಲ್ಗುಣಿ ಹೊಳೆಗೆ ನಡೆಯಿರಿ. ಕಾರ್ಕಳದ ಭೈರರಸ ಮೂರ್ತಿಯನ್ನು ತನಗೇ ಕೊಡಬೇಕೆಂದು ಹಟ ಹಿಡಿದಾಗ ಅಜಿಲ ಅದನ್ನು ಈ ಹೊಳೆಯ ಮರಳಿನಲ್ಲಿ ಹೂತಿಟ್ಟ ಎನ್ನುತ್ತದೆ ಐತಿಹ್ಯ. ನಿಜವೋ ಸುಳ್ಳೋ, ದಡದಲ್ಲಿ ನಿಂತು ಕೇಳಲು ಇದಕ್ಕಿಂತ ಒಳ್ಳೆಯ ಕತೆ ಇಲ್ಲ. ಇದೇ ನೀರು ಮುಂದೆ ಗುರುಪುರ ಹೊಳೆ ಎನಿಸಿಕೊಂಡು ಮಂಗಳೂರಿನ ಅಳಿವೆ ಸೇರುತ್ತದೆ. ಈಜುವ ಆಸೆ ಬೇಡ. ಮೇಲೆ ಶಾಂತವಾಗಿದ್ದರೂ ಅಡಿಯಲ್ಲಿ ಗುಂಡಿಗಳಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಡಕ್ಕೂ ಇಳಿಯಬೇಡಿ. ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ: ನೀರು ತಿಳಿ, ಬಿಸಿಲು ಹದ.

ದೊಡ್ಡ ಹೋಟೆಲು ಹುಡುಕಬೇಡಿ. ಪೇಟೆಯಲ್ಲಿ ಬನ್ಸ್, ಗೋಳಿಬಜೆ, ಚಹಾ ಸಿಕ್ಕಿದರೆ ಸಾಕು. ಊಟ ಮೂಡುಬಿದಿರೆಗೆ ಇಟ್ಟುಕೊಳ್ಳಿ. ಗದ್ದಲ ಬೇಕೆನ್ನುವವರು ಬಾಹುಬಲಿಯ ಮಹಾಮಸ್ತಕಾಭಿಷೇಕಕ್ಕೆ ಬರಬಹುದು. ಅದು ಹನ್ನೆರಡು ವರ್ಷಕ್ಕೊಮ್ಮೆ, ಕಳೆದದ್ದು 2024ರಲ್ಲಿ ನಡೆದಿದೆ.

ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಕಂಬಗಳನ್ನು ಎಣಿಸಲು ಹೋಗದೆ, ಅಕ್ಕಪಕ್ಕದ ಎರಡನ್ನು ಹೋಲಿಸಿ ನೋಡಿ. ಒಂದರಂತೆ ಇನ್ನೊಂದಿಲ್ಲ. ಅಲ್ಲಿಂದ ಮಂಗಳೂರಿಗೆ ಸಂಜೆ ಬಸ್ಸುಗಳಿಗೆ ಬರವಿಲ್ಲ.