ಯಂತ್ರ ಬರೆದ ಉತ್ತರಕ್ಕೆ ಸಹಿ ಯಾರದು?
ಕೃತಕ ಬುದ್ಧಿಮತ್ತೆ ಮತ್ತು ವ್ಯಾಪಾರಸ್ಥರ ಹೊಣೆಗಾರಿಕೆ: ಒಂದು ಅಧ್ಯಯನ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ದೊರೆತ ನಂತರ ಕೃತಕ ಬುದ್ಧಿಮತ್ತೆಯು ದೊಡ್ಡ ಕಂಪನಿಗಳ ಕಛೇರಿಗಳನ್ನು ದಾಟಿ ತಾಲ್ಲೂಕು ಕೇಂದ್ರದ ಅಂಗಡಿಗಳವರೆಗೂ ಬಂದು ತಲುಪಿದೆ. ಪತ್ರ ವ್ಯವಹಾರ, ಲೆಕ್ಕಗಳ ಹೊಂದಾಣಿಕೆ, ಇಲಾಖೆಯ ನೋಟಿಸಿಗೆ ಉತ್ತರ ಮುಂತಾದ ಕಾರ್ಯಗಳನ್ನು ಅದು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ. ಇದರಿಂದ ದೊರೆಯುವ ಅನುಕೂಲದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಉತ್ತರ ತಪ್ಪಾದಾಗ ನಷ್ಟವನ್ನು ಭರಿಸುವವರು ಯಾರು ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ವ್ಯಾಪಾರಸ್ಥನೂ ಮೊದಲೇ ಕೇಳಿಕೊಳ್ಳಬೇಕಾಗಿದೆ.

1. ಬೆಂಗಳೂರಿನ ಎರಡು ಪ್ರಕರಣಗಳು

ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಬೆಂಗಳೂರು ಪೀಠವು ಟ್ರಸ್ಟ್ ಒಂದರ ಪ್ರಕರಣದಲ್ಲಿ 2024ರ ಡಿಸೆಂಬರ್ 30ರಂದು ಆದೇಶ ನೀಡಿತು. ಅದರಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಗೂ ಮದ್ರಾಸ್ ಉಚ್ಚ ನ್ಯಾಯಾಲಯದ ತೀರ್ಪುಗಳೆಂದು ಉಲ್ಲೇಖಿಸಿದ್ದವುಗಳಲ್ಲಿ ಹಲವು ಅಸ್ತಿತ್ವದಲ್ಲಿಯೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಲಾಯಿತು. 2025ರ ಮಾರ್ಚ್‌ನಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲಿಯೂ ಇಲ್ಲದ ತೀರ್ಪುಗಳನ್ನು ಆಧರಿಸಿರುವುದನ್ನು ಗಮನಿಸಿದ ಕರ್ನಾಟಕ ಉಚ್ಚ ನ್ಯಾಯಾಲಯವು, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ನಿರ್ದೇಶಿಸಿತು. ಈ ಎರಡೂ ಸಂದರ್ಭಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯ ಬಗ್ಗೆ ವ್ಯಾಪಕವಾಗಿ ಅನುಮಾನ ವ್ಯಕ್ತವಾಯಿತು. ಮೂಲ ಯಾವುದೇ ಇರಲಿ, ಪರಿಶೀಲನೆ ಇಲ್ಲದೆ ಸಹಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇವು ನಿದರ್ಶನಗಳು.

ಹೊರದೇಶಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಜಗತ್ತಿನ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲೊಂದಾದ ಡೆಲಾಯ್ಟ್, ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಇಲ್ಲದ ಆಕರಗಳು ಕಂಡುಬಂದ ಕಾರಣ, 2025ರ ಅಕ್ಟೋಬರ್‌ನಲ್ಲಿ ಶುಲ್ಕದ ಒಂದು ಭಾಗವನ್ನು ಹಿಂದಿರುಗಿಸಲು ಒಪ್ಪಬೇಕಾಯಿತು.

ಇಂತಹ ತಪ್ಪಿಗೆ ಕಾರಣ ಸರಳವಾದದ್ದು. ಈ ಯಂತ್ರಗಳು ಕೋಟ್ಯಂತರ ಪುಟಗಳನ್ನು ಓದಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತವೆ. ಪ್ರತಿ ಉತ್ತರಕ್ಕೂ ಮೂಲ ದಾಖಲೆಯನ್ನು ತೆಗೆದು ನೋಡುವುದು ಅವುಗಳ ಸಹಜ ಕ್ರಮವಲ್ಲ. ಆದ್ದರಿಂದ ಪಕ್ಷಕಾರರ ಹೆಸರು, ವರ್ಷ, ಸಂಪುಟ, ಪುಟಸಂಖ್ಯೆ ಎಲ್ಲವೂ ಕ್ರಮಬದ್ಧವಾಗಿದ್ದೂ ತೀರ್ಪೇ ಇಲ್ಲದಿರುವುದು ಸಾಧ್ಯ.

2. ಕೊಬ್ಬರಿ ವ್ಯಾಪಾರದ ಒಂದು ಕಲ್ಪಿತ ಉದಾಹರಣೆ

ಹಾರನಹಳ್ಳಿಯ ವ್ಯಾಪಾರಿಯೊಬ್ಬನು ರೈತರಿಂದ ಕೊಬ್ಬರಿ ಕೊಂಡು ಎಣ್ಣೆ ಗಿರಣಿಗಳಿಗೆ ಮಾರುತ್ತಾನೆ. ವಾರ್ಷಿಕ ವಹಿವಾಟು 80 ಲಕ್ಷ ರೂಪಾಯಿ. "ಒಣಗಿದ ತೆಂಗಿನಕಾಯಿಗೆ ಜಿಎಸ್‌ಟಿ ಇದೆಯೇ?" ಎಂದು ಆತ ಯಂತ್ರವನ್ನು ಕೇಳುತ್ತಾನೆ. "ಇಲ್ಲ, ವಿನಾಯಿತಿ ಇದೆ" ಎಂಬ ಉತ್ತರ ಬರುತ್ತದೆ. ಶೀರ್ಷಿಕೆ 0801ರ ಅಡಿ ಬರುವ ಹಸಿ ಅಥವಾ ಒಣ ತೆಂಗಿನಕಾಯಿಗೆ ಈ ಉತ್ತರ ಸರಿಯೇ. ಆದರೆ ಎಣ್ಣೆ ತೆಗೆಯಲು ಬಳಸುವ ಕೊಬ್ಬರಿಯು ಶೀರ್ಷಿಕೆ 1203ಕ್ಕೆ ಸೇರಿದ್ದು, ಅದಕ್ಕೆ ಶೇಕಡಾ 5ರ ತೆರಿಗೆ ಇದೆ. ಈ ವ್ಯತ್ಯಾಸವನ್ನು ಕೇಂದ್ರ ಮಂಡಳಿಯು 2021ರ ಅಕ್ಟೋಬರ್‌ನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಯಂತ್ರ ಹೇಳಿದ್ದು ಸುಳ್ಳಲ್ಲ. ಕೇಳಿದ ಪ್ರಶ್ನೆಯೇ ಬೇರೆ ಸರಕಿನದು. ಪೇಟೆಯ ಸರಕನ್ನು ಕಣ್ಣಾರೆ ಕಂಡವರಿಗೆ ಮಾತ್ರ ಈ ಅಂತರ ತಕ್ಷಣ ಹೊಳೆಯುತ್ತದೆ.

ಒಂದು ವರ್ಷ ತೆರಿಗೆ ವಸೂಲು ಮಾಡದಿದ್ದರೆ ಬಾಕಿ 4 ಲಕ್ಷ ರೂಪಾಯಿ. ಶೇಕಡಾ 18ರಂತೆ ಒಂದು ವರ್ಷದ ಬಡ್ಡಿ 72,000 ರೂಪಾಯಿ. 2024-25ನೇ ಸಾಲಿನಿಂದ ಅನ್ವಯವಾಗುವ 74ಎ ಕಲಮಿನಂತೆ, ವಂಚನೆಯ ಉದ್ದೇಶವಿಲ್ಲದ ಪ್ರಕರಣದಲ್ಲಿ ನೋಟಿಸ್ ಹೊರಡಿಸಿದ 60 ದಿನಗಳೊಳಗೆ ತೆರಿಗೆ ಮತ್ತು ಬಡ್ಡಿಯನ್ನು ಪಾವತಿಸಿದರೆ ದಂಡವಿಲ್ಲ. ಆದರೆ ವ್ಯಾಪಾರಿಯು ಪುನಃ ಯಂತ್ರವನ್ನೇ ನಂಬಿ, ಇಲ್ಲದ ತೀರ್ಪುಗಳನ್ನು ಸೇರಿಸಿದ ಉತ್ತರವನ್ನು ಸಲ್ಲಿಸಿ ಆ ಅವಧಿಯನ್ನು ಕಳೆದುಕೊಂಡರೆ, ತೆರಿಗೆಯ ಶೇಕಡಾ 10ರಷ್ಟು, ಅಂದರೆ 40,000 ರೂಪಾಯಿ ದಂಡವೂ ಸೇರಿ ಒಟ್ಟು ಹೊರೆ 5,12,000 ರೂಪಾಯಿ ಆಗುತ್ತದೆ. ಗಿರಣಿಯಿಂದ ಹಳೆಯ ತೆರಿಗೆಯನ್ನು ಈಗ ವಸೂಲು ಮಾಡುವುದು ಕಷ್ಟಸಾಧ್ಯವಾದ್ದರಿಂದ ಇದು ಬಂಡವಾಳದಿಂದಲೇ ಹೋಗತಕ್ಕ ಹಣ. "ಯಂತ್ರ ಹಾಗೆ ಹೇಳಿತು" ಎಂಬ ಸಮಜಾಯಿಷಿಗೆ ಕಾನೂನಿನಲ್ಲಿ ಸ್ಥಾನವಿಲ್ಲ.

3. ಉದ್ಯೋಗದ ಮೇಲಿನ ಪರಿಣಾಮ

ಬಿಲ್ಲುಗಳನ್ನು ದಾಖಲಿಸುವುದು, ಬ್ಯಾಂಕ್ ತಃಖ್ತೆಯನ್ನು ತಾಳೆ ನೋಡುವುದು ಮುಂತಾದ ಕೆಲಸಗಳನ್ನು ಯಂತ್ರವು ಗುಮಾಸ್ತರಿಗಿಂತ ಬೇಗ ಮಾಡುತ್ತದೆ. ಬಿ.ಕಾಂ. ಮುಗಿಸಿದ ಯುವಕ ಯುವತಿಯರು ವೃತ್ತಿಗೆ ಕಾಲಿಡುತ್ತಿದ್ದುದು ಇದೇ ಬಾಗಿಲಿನಿಂದ. ರೋಜು ಮೇಳ, ಖಾತೆ ಪುಸ್ತಕಗಳಲ್ಲಿ ತಪ್ಪು ಹುಡುಕುತ್ತಲೇ ವಿವೇಚನೆ ಬೆಳೆಯುತ್ತಿತ್ತು. ಲೆಕ್ಕಪರಿಶೋಧಕರ ತರಬೇತಿ ಅವಧಿಯೂ 2023ರ ಹೊಸ ಯೋಜನೆಯಂತೆ 3 ವರ್ಷಗಳಿಂದ 2 ವರ್ಷಗಳಿಗೆ ಇಳಿದಿದೆ. ಕಿರಿಯರಿಗೆ ಕಲಿಯುವ ಅವಕಾಶವೇ ಇಲ್ಲದಂತಾದರೆ, ಹತ್ತು ವರ್ಷಗಳ ನಂತರ ಯಂತ್ರದ ತಪ್ಪನ್ನು ಹಿಡಿಯುವವರು ಉಳಿದಿರುವುದಿಲ್ಲ. ಆದ್ದರಿಂದ ಗುಮಾಸ್ತನನ್ನು ಕೈಬಿಡುವುದಕ್ಕಿಂತ ಆತನನ್ನು ತಪಾಸಣೆಯ ಕೆಲಸಕ್ಕೆ ಸಿದ್ಧಗೊಳಿಸುವುದೇ ಲಾಭಕರ.

4. ಸೃಜನಶೀಲ ಕೃತಿಗಳ ಒಡೆತನ

ಸುಮಾರು 10 ಲಕ್ಷ ರೂಪಾಯಿ ವೆಚ್ಚದಲ್ಲಿ ಕೃತಕ ಬುದ್ಧಿಮತ್ತೆಯಿಂದಲೇ ನಿರ್ಮಿತವಾದುದೆಂದು ಹೇಳಲಾದ ಕನ್ನಡ ಚಲನಚಿತ್ರ 'ಲವ್ ಯೂ' 2025ರಲ್ಲಿ ತೆರೆ ಕಂಡಿತು. ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಅನುಕರಿಸುವುದನ್ನು ಬಾಂಬೆ ಉಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ತಡೆಯಿತು. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕಯಂತ್ರದಿಂದ ಸೃಷ್ಟಿಯಾದ ಕೃತಿಗೆ, ಅದು ಸೃಷ್ಟಿಯಾಗಲು ಕಾರಣನಾದ ವ್ಯಕ್ತಿಯೇ ಕರ್ತೃ. ಕೇವಲ ಒಂದು ಸಾಲಿನ ಸೂಚನೆ ನೀಡಿದವನು ಈ ಅರ್ಥದಲ್ಲಿ ಕರ್ತೃವೇ ಎಂಬುದು ಚರ್ಚೆಯ ವಿಷಯ. ಜಾಹೀರಾತು, ಲಾಂಛನ ಮಾಡಿಸುವ ವ್ಯಾಪಾರಸ್ಥರು ಇದನ್ನು ಕರಾರಿನಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು.

ಕರ್ತೃತ್ವದ ಅರಿವು ಈ ನಾಡಿಗೆ ಹೊಸದಲ್ಲ. ಹಾರನಹಳ್ಳಿಯ 13ನೆಯ ಶತಮಾನದ ದೇವಾಲಯಗಳು ಸೇರಿದ ಅದೇ ಹೊಯ್ಸಳ ಪರಂಪರೆಯ ಬೇಲೂರಿನಲ್ಲಿ, ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿದ್ದಾರೆ. ಆ ಹೆಸರು ಕೀರ್ತಿಗೆ ಹೇಗೋ ಹಾಗೆಯೇ ಕೆಲಸದ ಹೊಣೆಗೂ ಗುರುತು.

5. ಪಾಲಿಸತಕ್ಕ ಕ್ರಮಗಳು

ಅ) ಯಂತ್ರದ ಉತ್ತರವನ್ನು ಕರಡು ಎಂದಷ್ಟೇ ಪರಿಗಣಿಸಬೇಕು. ಅದು ಹೇಳುವ ಕಲಮು, ಸುತ್ತೋಲೆ, ತೀರ್ಪುಗಳನ್ನು ಮೂಲದಲ್ಲಿಯೇ ಓದಿ ನೋಡಬೇಕು.

ಆ) ನೋಟಿಸಿನ ದಿನಾಂಕವನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಜಿಎಸ್‌ಟಿ ಆದೇಶದ ವಿರುದ್ಧ ಮೊದಲ ಮೇಲ್ಮನವಿಗೆ ಇರುವ ಕಾಲಾವಧಿ 3 ತಿಂಗಳು. ಸಕಾರಣವಿದ್ದರೆ ಇನ್ನೊಂದು ತಿಂಗಳು ಮಾತ್ರ.

ಇ) ಗ್ರಾಹಕರ ಹೆಸರು, ಪ್ಯಾನ್, ಬ್ಯಾಂಕ್ ವಿವರಗಳನ್ನು ಸಾರ್ವಜನಿಕ ಯಂತ್ರಗಳಿಗೆ ಒಪ್ಪಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ, ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಈ) ಯಾವ ಕಾಗದಕ್ಕೆ ಯಂತ್ರವನ್ನು ಬಳಸಲಾಯಿತು, ಅದನ್ನು ಪರಿಶೀಲಿಸಿದವರು ಯಾರು ಎಂಬುದನ್ನು ಕಡತದಲ್ಲಿ ಬರೆದಿಡಬೇಕು.

ಹೊಸ ಸಾಧನವನ್ನು ದೂರವಿಡುವ ವ್ಯಾಪಾರಿಯು ಹಿಂದುಳಿಯುವುದು ನಿಶ್ಚಿತ. ಆದರೆ ಓದದೆ ಸಹಿ ಹಾಕುವವನಿಗೆ ಯಾವ ಸಾಧನವೂ ರಕ್ಷಣೆ ನೀಡಲಾರದು. ಯಂತ್ರಕ್ಕೆ ಪ್ಯಾನ್ ಇಲ್ಲ, ಜಿಎಸ್‌ಟಿ ನೋಂದಣಿಯಿಲ್ಲ. ನೋಟಿಸು ಬರುವುದು ಅಂಗಡಿಯ ವಿಳಾಸಕ್ಕೇ.