ಕಳ್ಳು ಚುರ್ ಅನ್ನುವ ಗ್ರೀಕ್ ಮಾತು

ಪ್ರಶ್ನೆ: ಗೆಳೆಯ ಕರೆದನೆಂದು ಒಂದು ಭಾನುವಾರ ಹುಬ್ಬಳ್ಳಿಯಲ್ಲಿ ಚರ್ಚಿಗೆ ಹೋಗಿದ್ದೆ. ಪಾದ್ರಿಗಳು ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕಥೆ ಹೇಳಿದರು. 'ಕನಿಕರಪಟ್ಟನು' ಅನ್ನುವಲ್ಲಿ ಮೂಲ ಗ್ರೀಕಿನಲ್ಲಿರುವುದು ಕರುಳಿನಿಂದ ಹುಟ್ಟಿದ ಕ್ರಿಯಾಪದ ಅಂದರು. ನಿಜವೇ? ನಿಜವಾದರೆ ನಮ್ಮ ಕಡೆಯವರು ಹೇಳುವ 'ಕಳ್ಳು ಚುರ್ ಅಂತು' ಅನ್ನುವುದನ್ನೇ ಕನ್ನಡ ಬೈಬಲಿನಲ್ಲಿ ಯಾಕೆ ಹಾಕಲಿಲ್ಲ? ನಾವು ಕುರಿ ಸಾಕಿದ ಮನೆತನದವರು, ಅದಕ್ಕೇ ಈ ಕುತೂಹಲ.
– ಓದುಗರೊಬ್ಬರು, ಹಲಗೇರಿ, ರಾಣೆಬೆನ್ನೂರು ತಾಲ್ಲೂಕು

ಪಾದ್ರಿಗಳು ಹೇಳಿದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ನಿಮಗೆ ಅವರಿಗಿಂತ ಬೇಗ ತಿಳಿದೀತು, ಯಾಕೆಂದರೆ ಅದು ಕುರಿಯ ಹೊಟ್ಟೆಯೊಳಗಿನ ಸಂಗತಿ.

ಆ ಕ್ರಿಯಾಪದ 'ಸ್ಪ್ಲಾಂಖ್ನಿಜೊಮಾಯ್'. ಎರಡು ಸಲ ಬಾಯಿಬಿಟ್ಟು ಹೇಳಿಕೊಂಡರೆ ನಾಲಿಗೆ ಒಗ್ಗುತ್ತದೆ. ಅದರ ಬುಡದಲ್ಲಿರುವ ನಾಮಪದ 'ಸ್ಪ್ಲಾಂಖ್ನಾ'. ನಿಘಂಟು ತೆರೆದರೆ 'ಒಳಅಂಗಗಳು' ಎಂಬ ಅರ್ಥ ಸಿಗುತ್ತದೆ. ಆದರೆ ಹಳೆಯ ಗ್ರೀಕರು ಬಲಿಯ ಪಶುವಿನ ಹೊಟ್ಟೆ ಸೀಳಿದಾಗ ಒಳಗಿದ್ದುದನ್ನೆಲ್ಲ ಒಂದೇ ಹೆಸರಿನಿಂದ ಕರೆಯುತ್ತಿರಲಿಲ್ಲ. ಗುಂಡಿಗೆ, ಪುಪ್ಪಸ, ಕಲೇಜಾ, ಗುರ್ದಾ ಒಂದು ಕಡೆ; ಅವು ಸ್ಪ್ಲಾಂಖ್ನಾ. ಉದ್ದಕ್ಕೆ ಸುರುಳಿ ಸುತ್ತಿಕೊಂಡ ಬೋಟಿ ಇನ್ನೊಂದು ಕಡೆ. ಅದಕ್ಕೆ 'ಎಂಟೆರಾ' ಎಂಬ ಬೇರೆ ಹೆಸರು. ಸ್ಪ್ಲಾಂಖ್ನಾವನ್ನು ಕಡ್ಡಿಗೆ ಚುಚ್ಚಿ ಬೆಂಕಿಯಲ್ಲಿ ಸುಟ್ಟು, ಬಲಿ ಕೊಟ್ಟವರು ಮೊದಲು ರುಚಿ ನೋಡುತ್ತಿದ್ದರು. ಆಮೇಲೆ ಉಳಿದ ಮಾಂಸದ ಪಾಲು. ಹೋಮರನ 'ಇಲಿಯಡ್'ನಲ್ಲಿಯೂ ಇದೇ ಕ್ರಮ. ಕುರಿ ಕಡಿದ ಕಡೆ ಉಳಿದ ಅಡಿಗೆಗೆ ಒಲೆ ಹೂಡುವ ಮೊದಲೇ ಕಲೇಜಾದ ತುಂಡೊಂದು ಕೆಂಡಕ್ಕೆ ಬೀಳುತ್ತದಲ್ಲ, ಅದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಪೂರ್ತಿ ಲೆಕ್ಕ ಹಿಡಿದು ಹೇಳುವುದಾದರೆ ಈ ಶಬ್ದದ ಮೂಲ ಕರುಳಿಗಿಂತ ಕಲೇಜಾಕ್ಕೆ ಹತ್ತಿರ. ಕಾಲ ಸರಿದಂತೆ ಈ ಗೆರೆ ಅಳಿಸಿಹೋಯಿತು. ಹೊಸ ಒಡಂಬಡಿಕೆಯ ಹೊತ್ತಿಗೆ ಒಳಗಿದ್ದುದೆಲ್ಲ ಸ್ಪ್ಲಾಂಖ್ನಾವೇ. ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಯೂದನ ಹೊಟ್ಟೆ ಒಡೆದು ಹೊರಬಿದ್ದದ್ದೂ ಅದೇ ಶಬ್ದ. ಅಲ್ಲಿ 'ಕರುಳು' ಅನ್ನದೆ ಬೇರೆ ದಾರಿಯೇ ಇಲ್ಲ.

ಕ್ರಿಯಾಪದದ ಹುಟ್ಟು ಇನ್ನೂ ಸೋಜಿಗದ್ದು. ಕಥೋಲಿಕರ ಬೈಬಲಿನಲ್ಲಿರುವ ಮಕ್ಕಬಿಯರ ಎರಡನೆಯ ಗ್ರಂಥದ 6ನೇ ಅಧ್ಯಾಯದಲ್ಲಿ ಇದೇ ಧಾತು ಇದೆ. ಅಲ್ಲಿ ಮರುಕದ ಸುಳಿವೂ ಇಲ್ಲ, ಅರ್ಥ 'ಬಲಿಯ ಒಳಅಂಗಗಳನ್ನು ತಿನ್ನುವುದು'. ಯೆಹೂದ್ಯರಿಗೆ ಅದನ್ನು ಬಲವಂತವಾಗಿ ತಿನ್ನಿಸಿದ ದಿನಗಳ ಕಥೆ ಅದು. ಅಂಥ ಶಬ್ದ ಯೇಸುವಿನ ಬಾಯಿಗೆ ಬರುವಷ್ಟರಲ್ಲಿ ಮರುಕದ ಶಬ್ದವಾಗಿತ್ತು. ಯೆಹೂದ್ಯರ ಹೀಬ್ರೂವಿನ ನೆರಳು ಇದರ ಮೇಲೆ ಬಿದ್ದಿರುವುದು ಸ್ಪಷ್ಟ. ಅಲ್ಲಿ ಕರುಣೆಗೆ 'ರಹಮೀಮ್', ಗರ್ಭಕ್ಕೆ 'ರೆಹೆಮ್'. ಎರಡೂ ಒಂದೇ ಬಳ್ಳಿಯ ಕಾಯಿ.

ಈ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರುವುದು 12 ಸಲ: ಮತ್ತಾಯನಲ್ಲಿ 5, ಮಾರ್ಕನಲ್ಲಿ 4, ಲೂಕನಲ್ಲಿ 3. ಯೋಹಾನನಲ್ಲಿ ಒಂದೂ ಇಲ್ಲ. ಪೌಲನು ನಾಮಪದವನ್ನು ಬಳಸುತ್ತಾನೆ, ಕ್ರಿಯಾಪದದ ತಂಟೆಗೆ ಹೋಗುವುದಿಲ್ಲ. ಹನ್ನೆರಡರಲ್ಲಿ ಕರುಳು ಚುರ್ ಅನ್ನುವುದು ಯೇಸುವಿಗೆ, ಇಲ್ಲವೆ ಅವನು ಹೇಳಿದ ಕಥೆಯೊಳಗಿನ ಮೂವರಿಗೆ: ಸಾಲ ಮನ್ನಾ ಮಾಡಿದ ಒಡೆಯ, ಸಮಾರ್ಯದವನು, ಮನೆಬಿಟ್ಟು ಹೋದ ಮಗನನ್ನು ದೂರದಿಂದಲೇ ಕಂಡ ತಂದೆ. ಬೇರೆ ಯಾರಿಗೂ ಅಲ್ಲ.

ವ್ಯಾಕರಣದ ಒಂದು ಮಾತು ಇಲ್ಲಿ ಹೇಳಲೇಬೇಕು, ಬೇಸರ ಬೇಡ. ಈ ಕ್ರಿಯಾಪದದ ರೂಪ 'ಮಾಡಿದ' ಅನ್ನುವಂಥದ್ದಲ್ಲ, 'ಆಯಿತು' ಅನ್ನುವಂಥದ್ದು. ಕಥೆ ಹೇಳುವಾಗ 'ಎಸ್ಪ್ಲಾಂಖ್ನಿಸ್ಥೆ' ಎಂದು ಬರುತ್ತದೆ, ಕರ್ಮಣಿಯ ವೇಷದಲ್ಲಿ. ಇಂಗ್ಲಿಷಿನವರು ಇದನ್ನು ತರಲು ಒದ್ದಾಡುತ್ತಾರೆ, ನಮಗೆ ಆ ತೊಂದರೆ ಇಲ್ಲ. 'ನಾನು ಕರುಳು ಚುರ್ ಅಂದೆ' ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ. 'ನನ್ನ ಕರುಳು ಚುರ್ ಅಂತು' ಅಷ್ಟೇ. ಅನ್ನಿಸಿಕೊಳ್ಳುವವ ನಾನು, ಅನ್ನುವುದು ಕರುಳು. ಹನ್ನೆರಡು ಕಡೆಗಳಲ್ಲಿ ಒಂದು ಕಡೆಯೂ ಇದು ಅಪ್ಪಣೆಯ ರೂಪದಲ್ಲಿಲ್ಲದಿರುವುದಕ್ಕೂ ಇದೇ ಕಾರಣ ಇರಬೇಕು. 'ಸಹಾಯ ಮಾಡು' ಅನ್ನಬಹುದು. 'ಕರುಳು ಚುರ್ ಅನ್ನಿಸಿಕೋ' ಎಂದು ಹೇಗೆ ಹೇಳುವುದು?

ಹತ್ತು ಕಡೆ ಕಥೆಯ ಭೂತಕಾಲದ ರೂಪವಿದೆ. ಎರಡು ಕಡೆ ಮಾತ್ರ ವರ್ತಮಾನ, ಅದೂ ಯೇಸುವಿನ ಸ್ವಂತ ಬಾಯಲ್ಲಿ, ಒಂದೇ ಸಂದರ್ಭದಲ್ಲಿ. ಜನ ಮೂರು ದಿನದಿಂದ ಅವನ ಜೊತೆಗಿದ್ದಾರೆ, ತಿನ್ನಲು ಏನೂ ಉಳಿದಿಲ್ಲ, ಹೀಗೇ ಕಳಿಸಿದರೆ ದಾರಿಯಲ್ಲಿ ಬಿದ್ದಾರು ಎಂಬ ಚಿಂತೆ. ಅವರ ಹೊಟ್ಟೆ ಖಾಲಿ, ಇವನ ಹೊಟ್ಟೆಯಲ್ಲಿ ಸಂಕಟ. ಆಮೇಲೆ ಏಳು ರೊಟ್ಟಿಯಲ್ಲಿ ನಾಲ್ಕು ಸಾವಿರ ಜನರ ಊಟ. ಇನ್ನೆರಡು ಕಡೆ ಜನಜಂಗುಳಿಯನ್ನು ಕಂಡು ಅವನಿಗೆ ಹೀಗಾಗುತ್ತದೆ, ಕುರುಬನಿಲ್ಲದ ಕುರಿಗಳ ಹಾಗಿದ್ದರು ಎಂಬ ಕಾರಣವೂ ಜೊತೆಗಿದೆ. ಹಿಂಡು ಬಿಟ್ಟು ರಸ್ತೆಗೆ ಬಂದ ಕುರಿ ಎತ್ತ ಹೋಗುವುದೆಂದು ತಿಳಿಯದೆ ನಿಂತಲ್ಲೇ ಒದರುವುದನ್ನು ನೀವು ಎಷ್ಟು ಸಲ ಕೇಳಿಲ್ಲ!

ಇನ್ನು ನಿಮ್ಮ ಕಳ್ಳಿನ ವಿಷಯ. (ಬೆಂಗಳೂರು, ಮೈಸೂರು ಕಡೆಯ ಓದುಗರು ಗಾಬರಿಯಾಗಬೇಡಿ. ಹಾವೇರಿ, ಧಾರವಾಡದ ಕಡೆ ಕಳ್ಳು ಎಂದರೆ ಕರುಳೂ ಹೌದು, ಗಡಿಗೆಯದಲ್ಲ, ಹೊಟ್ಟೆಯದು.) ಈ ಗ್ರೀಕ್ ಶಬ್ದಕ್ಕೆ ಕನ್ನಡದಷ್ಟು ಸಿದ್ಧವಾಗಿ ಕೂತಿರುವ ಭಾಷೆಗಳು ಕಡಿಮೆ. 1611ರ ಇಂಗ್ಲಿಷ್ ಬೈಬಲಿನವರು ನಾಮಪದ ಬಂದ ಹಲವು ಕಡೆ ನೇರವಾಗಿ 'ಬವೆಲ್ಸ್' ಎಂದು ಹಾಕಿದರು. ಇಂದಿನ ಇಂಗ್ಲಿಷ್ ಓದುಗನಿಗೆ ಅದು ಡಾಕ್ಟರ ಕೋಣೆಯ ಮಾತಾಗಿ ಕೇಳಿಸುತ್ತದೆ. ನಮಗೆ ಹೆತ್ತ ಕರುಳು, ಕರುಳ ಕುಡಿ, ಕರುಳು ಹಿಂಡಿತು, ಕರುಳಿಗೆ ಕತ್ತರಿ ಹಾಕಿದ ಹಾಗಾಯಿತು – ಇವೆಲ್ಲ ದಿನದ ಮಾತು. 'ಅವನಿಗೆ ಅಂತಃಕರಣ ಇಲ್ಲ' ಅನ್ನುತ್ತೇವೆ. ಸಂಸ್ಕೃತದಲ್ಲಿ 'ಒಳಗಿನ ಸಾಧನ' ಎಂಬ ಅರ್ಥದ ತತ್ತ್ವಶಾಸ್ತ್ರದ ಶಬ್ದ ಅದು. ನಮ್ಮವರ ಬಾಯಲ್ಲಿ ಅದೂ ಕರುಳಿನ ಕೆಲಸಕ್ಕೇ ನಿಂತಿದೆ.

ಹಾಗಾದರೆ ಬೈಬಲಿನಲ್ಲಿ ಯಾಕಿಲ್ಲ? ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ 1831ರಲ್ಲಿ ಕನ್ನಡದ ಪೂರ್ತಿ ಬೈಬಲ್ ಹೊರಬಂತು. ಆಮೇಲೆ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ಗ್ರಂಥವೆಂದರೆ ಗ್ರಂಥದ ಭಾಷೆ ಇರಬೇಕು ಎಂಬ ಕಾಲ ಅದು. 'ಕನಿಕರ' ಒಳ್ಳೆಯ ಶಬ್ದವೇ, ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಲು ಮುಜುಗರವಿಲ್ಲ. ನನ್ನ ತಕರಾರು ಬೇರೆ. ಇವತ್ತಿನ ಬಳಕೆಯಲ್ಲಿ ಕನಿಕರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕನಿಕರ 'ತೋರಿಸುತ್ತಾರೆ', ಅರ್ಜಿಯಲ್ಲಿ ಅದನ್ನು 'ಕೋರುತ್ತಾರೆ'. ತೋರಿಸುವವನ ಹೊಟ್ಟೆಯಲ್ಲಿ ಏನೂ ಅಲುಗಿರಬೇಕಿಲ್ಲ.

ಹಾಗೆಂದು ಕರುಳು ಎಂದು ಹಾಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವನೂ ನಾನಲ್ಲ. ಮೊದಲನೆಯದಾಗಿ, ಅಂದಿನ ಗ್ರೀಕ್ ಕೇಳುಗನಿಗೆ ಪ್ರತಿ ಸಲವೂ ಕಣ್ಣೆದುರು ಒಳಅಂಗ ಬರುತ್ತಿತ್ತೆಂದು ಪ್ರವಚನಕಾರರು ಹೇಳುವುದು ಅತಿ. 'ಹೊಟ್ಟೆಕಿಚ್ಚು' ಅನ್ನುವಾಗ ನಾವೇನು ಹೊಟ್ಟೆಯನ್ನಾಗಲಿ ಬೆಂಕಿಯನ್ನಾಗಲಿ ನೆನೆಯುತ್ತೇವೆಯೆ? ಸವೆದ ನಾಣ್ಯದ ಮೇಲೆ ಚಿತ್ರ ಕಾಣದಿದ್ದರೂ ನಾಣ್ಯ ಚಲಾವಣೆಯಲ್ಲಿರುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ನಮ್ಮ ಕರುಳು ಸಂಬಂಧಿಕರ ಶಬ್ದ. ಕಳ್ಳುಬಳ್ಳಿ ಎಂದರೆ ರಕ್ತಸಂಬಂಧ. ಮಗ ತಿರುಗಿ ಬಂದಾಗ ತಂದೆಯ ಕರುಳು ಚುರ್ ಅಂದರೆ ಕೇಳುವವರು ತಲೆದೂಗುತ್ತಾರೆ, ಹೆತ್ತವರ ಪಾಡೇ ಅಷ್ಟು. ಸಮಾರ್ಯದವನ ಕಥೆಯಲ್ಲಿ ಹಾಗಲ್ಲ. ಬಿದ್ದವನು ಯೆರೂಸಲೇಮಿನಿಂದ ಇಳಿದುಬರುತ್ತಿದ್ದವನು, ಕೇಳುಗರು ಅವನನ್ನು ತಮ್ಮವನೆಂದೇ ತಿಳಿದಿರಬೇಕು. ಸಮಾರ್ಯದವರಿಗೂ ಯೆಹೂದ್ಯರಿಗೂ ಕೊಡು-ಕೊಳ್ಳುವ ಬಳಕೆಯೂ ಇರಲಿಲ್ಲ. ಲೂಕ ಇಲ್ಲಿ ಜಾಣತನದಿಂದ ಒಂದೇ ಶಬ್ದವನ್ನು ಮೂರು ಸಲ ಇಟ್ಟಿದ್ದಾನೆ: ಯಾಜಕ 'ಕಂಡು', ಲೇವಿಯ 'ಕಂಡು', ಸಮಾರ್ಯದವನು 'ಕಂಡು'. ಮೂವರ ಕಣ್ಣೂ ಚೆನ್ನಾಗಿಯೇ ಇವೆ. ಮೊದಲಿಬ್ಬರು ರಸ್ತೆಯ ಆ ಬದಿ ಹಿಡಿದರು, ಮೂರನೆಯವನ ಕಳ್ಳು ಚುರ್ ಅಂತು. ಕೂಡಲೇ ಹತ್ತಿರ ಹೋಗುವುದು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ, ಪಟ್ಟಿ, ತನ್ನ ವಾಹನ, ಛತ್ರ, ಎರಡು ದೀನಾರ. ಸಂಬಂಧವೇ ಇಲ್ಲದವನಿಗೆ ಸಂಬಂಧದ ಶಬ್ದ ಹಾಕಿದ್ದರಿಂದಲೇ ಕಥೆ ಕುಟುಕುತ್ತದೆ. ಆ ಕುಟುಕು ಬೇಕೆಂದರೆ ನಿಮ್ಮ 'ಕಳ್ಳು' ಕನಿಕರಕ್ಕಿಂತ ಮೇಲು.

ನಮ್ಮಲ್ಲೂ ಈ ಬಳ್ಳಿ ಬೇಲಿ ದಾಟುತ್ತದೆ ಅನ್ನಿ. ಒಮ್ಮೆ ಅವ್ವ ರಾಣೆಬೆನ್ನೂರಿಗೆ ಹೋಗಿ ಸಂಜೆ ತಿರುಗಿ ಬಂದಾಗ ಬುತ್ತಿಯ ಅರಿವೆ ಖಾಲಿ, ಮುಖದಲ್ಲಿ ಹಸಿವು. ಬಸ್‌ಸ್ಟ್ಯಾಂಡಿನಲ್ಲಿ ಯಾವುದೋ ಹುಡುಗ ಕಂಬಕ್ಕೆ ಒರಗಿ ಅಳುತ್ತ ಕೂತಿದ್ದನಂತೆ. ರೊಟ್ಟಿ, ಶೇಂಗಾ ಚಟ್ನಿ ಅವನ ಮುಂದಿಟ್ಟು, ಅವನ ಕಡೆಯವರು ಬರುವ ತನಕ ಎರಡು ಬಸ್ ಬಿಟ್ಟು ಕೂತಿದ್ದಳು. "ಯಾರ ಪೈಕಿ ಹುಡುಗ?" ಅಂತ ನಾನು. "ಯಾರಿಗ್ಗೊತ್ತು? ಕಳ್ಳು ಚುರ್ ಅಂತಪ, ಕುಂತೆ" ಅಂದಳು. ಕಾರಣ ಹೇಳಿದ್ದು ಕೆಲಸ ಮುಗಿದ ಮೇಲೆ, ಅದೂ ಕೇಳಿದ್ದಕ್ಕೆ.

ಒಂದು ತೊಡಕನ್ನು ಬಿಡುವಂತಿಲ್ಲ. ಮಾರ್ಕ 1:41ರಲ್ಲಿ ಕುಷ್ಠರೋಗಿಯನ್ನು ಕಂಡ ಯೇಸುವಿಗೆ ಹೆಚ್ಚಿನ ಹಸ್ತಪ್ರತಿಗಳಲ್ಲಿ ಇದೇ ಕ್ರಿಯಾಪದ. ಆದರೆ ಈಗ ಕೇಂಬ್ರಿಜ್‌ನಲ್ಲಿರುವ, ಸುಮಾರು ಐದನೆಯ ಶತಮಾನದ 'ಕೋಡೆಕ್ಸ್ ಬೇಜೆ' ಎಂಬ ಪ್ರತಿಯಲ್ಲಿ 'ಸಿಟ್ಟುಗೊಂಡು' ಎಂದಿದೆ. ನಕಲು ಮಾಡುವವ ಸಿಟ್ಟನ್ನು ಕರುಣೆಯಾಗಿ ತಿದ್ದಿಯಾನು, ಕರುಣೆಯನ್ನು ಸಿಟ್ಟಾಗಿ ಯಾಕೆ ತಿದ್ದುತ್ತಾನೆ ಎಂದು ಕೆಲವು ಪಂಡಿತರ ವಾದ. ಆಧಾರ ತೀರಾ ಕಡಿಮೆ ಎಂದು ಉಳಿದವರು. ಹಳೆಯ ಗ್ರೀಕಿನಲ್ಲಿ ಸ್ಪ್ಲಾಂಖ್ನಾ ಸಿಟ್ಟಿನ ಮನೆಯೂ ಆಗಿತ್ತು. ನಮಗೂ ಇದು ಹೊಸದಲ್ಲ: ಬಡವನ ಪಾಡು ನೋಡಿಯೂ 'ಹೊಟ್ಟೆ ಉರೀತು' ಅನ್ನುತ್ತೇವೆ, ಪಕ್ಕದವನ ಹೊಸ ಟ್ರ್ಯಾಕ್ಟರ್ ನೋಡಿಯೂ ಹೊಟ್ಟೆ ಉರಿಯುತ್ತದೆ. ಯಾವ ಉರಿ ಯಾವುದೆಂದು ಹೇಳುವ ಧ್ವನಿಯಿಂದ ತಿಳಿಯಬೇಕು.

ನಿಮಗೆ ಪುರುಸೊತ್ತಿದ್ದರೆ ಪೌಲನು ಫಿಲೆಮೋನನಿಗೆ ಬರೆದ ಪತ್ರ ಓದಿ. 25 ವಚನ, ಒಂದು ಚಹಾ ಕುಡಿಯುವಷ್ಟು ಹೊತ್ತು. ಒನೇಸಿಮನೆಂಬ ಗುಲಾಮ ಯಜಮಾನನಿಂದ ದೂರವಾಗಿ ಸೆರೆಯಲ್ಲಿದ್ದ ಪೌಲನ ಬಳಿ ಇದ್ದ. ಅವನನ್ನು ಯಜಮಾನನ ಹತ್ತಿರ ತಿರುಗಿ ಕಳಿಸುವಾಗ ಕೊಟ್ಟ ಪತ್ರ ಅದು. ಸೆರೆಯಲ್ಲಿ ಹುಟ್ಟಿದ ನನ್ನ ಮಗ ಎಂದು 10ನೇ ವಚನದಲ್ಲಿ ಹೇಳಿ, 12ನೇ ವಚನದಲ್ಲಿ ಆ ಗುಲಾಮನನ್ನೇ 'ನನ್ನ ಸ್ಪ್ಲಾಂಖ್ನಾ' ಎಂದು ಕರೆಯುತ್ತಾನೆ. ಹೆತ್ತ ಮಕ್ಕಳನ್ನು ಈ ಶಬ್ದದಿಂದ ಕರೆಯುವ ರೂಢಿ ಆ ಕಾಲದ ಗ್ರೀಕರಲ್ಲೂ ಇತ್ತು, ಕನಸಿನ ಫಲ ಹೇಳುವ ಆರ್ಟೆಮಿಡೋರಸನ ಪುಸ್ತಕದಲ್ಲಿ ಅದು ದಾಖಲಾಗಿದೆ. ಈ ಒಂದು ಕಡೆ ಅನುವಾದಕರು ನಿಮ್ಮ ಊರಿಗೆ ಬಂದು ಕೇಳಿದ್ದರೆ 'ನನ್ನ ಕಳ್ಳು' ಎಂದೇ ಬರೆಸುತ್ತಿದ್ದಿರಿ. ನಾನೂ ಅದಕ್ಕೆ ಸಹಿ ಹಾಕುತ್ತಿದ್ದೆ.