ಮಣ್ಣಿಗೆ ಜ್ವಾಲೆ ಸಾಕು, ನೀರಿಗೆ ಸಾಲದು

ದಾವಣಗೆರೆಯಲ್ಲಿ ಪ್ರಯೋಗಾಲಯ ತೆರೆದು, ಭದ್ರಾ ನಾಲೆಯ ಭತ್ತದ ಗದ್ದೆಗಳ ಮಣ್ಣನ್ನೂ ಹರಿಹರದ ಕಡೆಯ ಹೊಳೆ, ಕೊಳವೆಬಾವಿಗಳ ನೀರನ್ನೂ ಪರೀಕ್ಷಿಸಬೇಕೆಂದು ಬರೆದಿದ್ದೀರಿ. ಲೋಹ ಅಳೆಯುವ ಎಎಎಸ್ (ಅಟಾಮಿಕ್ ಅಬ್ಸಾರ್ಪ್ಷನ್ ಸ್ಪೆಕ್ಟ್ರೋಮೀಟರ್) ಯಂತ್ರ ಯಾವ ಕಂಪನಿಯದು ಎನ್ನುವ ಮೊದಲು ಯಾವ ಲೋಹ, ಎಷ್ಟು ಸೂಕ್ಷ್ಮ ಎಂದು ಪಟ್ಟಿ ಮಾಡಿಕೊಳ್ಳಿ.

ಮಣ್ಣಿನ ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರಕ್ಕೆ ಗಾಳಿ–ಅಸಿಟಿಲೀನ್ ಜ್ವಾಲೆಯ ಯಂತ್ರ ಧಾರಾಳವಾಯಿತು. ಡಿಟಿಪಿಎ ದ್ರಾವಣದಿಂದ ತೆಗೆದ ಸತು 0.6 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತೇವೆ. ಜ್ವಾಲೆ ಅದನ್ನು ಸಲೀಸಾಗಿ ಅಳೆಯುತ್ತದೆ. ಕುಡಿಯುವ ನೀರಿನ ಮಾತೇ ಬೇರೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಸೀಸದ ಮಿತಿ 0.01 ಮಿ.ಗ್ರಾಂ, ಕ್ಯಾಡ್ಮಿಯಂನದು 0.003. ಅಷ್ಟು ಕೆಳಗೆ ಜ್ವಾಲೆಯ ಅಂಕಿಯನ್ನು ನಾನು ನಂಬುವುದಿಲ್ಲ. ಅದಕ್ಕೆ ಜ್ವಾಲೆಯ ಬದಲು ಗ್ರಾಫೈಟ್ ಫರ್ನೇಸ್ ಬೇಕೇ ಬೇಕು. ಈಗ ಹಣ ಸಾಲದಿದ್ದರೆ, ಮುಂದೆ ಫರ್ನೇಸ್ ಜೋಡಿಸಬಹುದಾದ ಮಾದರಿಯನ್ನೇ ಕೊಳ್ಳಿ. ಅಲ್ಲಿಯವರೆಗೆ ನೀರಿನ ಸೀಸದ ವರದಿಗೆ ದಯವಿಟ್ಟು ಸಹಿ ಹಾಕಬೇಡಿ. ಅದನ್ನು ನಂಬಿ ಮಕ್ಕಳು ನೀರು ಕುಡಿಯುತ್ತಾರೆ.

ಯಂತ್ರದ ಬೆಲೆಯಾಚೆಗೂ ಖರ್ಚುಂಟು: ಲೋಹಕ್ಕೊಂದು ಹಾಲೋ ಕ್ಯಾಥೋಡ್ ದೀಪ, ಕಂಪ್ರೆಸರ್, ಹೊಗೆ ಹೊರಹಾಕುವ ಕೊಳವೆ, ಯುಪಿಎಸ್, ಫರ್ನೇಸಿಗೆ ಆರ್ಗಾನ್. ಅಸಿಟಿಲೀನ್ ಸಿಲಿಂಡರನ್ನು ಪೂರ್ತಿ ಬರಿದು ಮಾಡಬೇಡಿ, ಒಳಗಿನ ಅಸಿಟೋನ್ ಜ್ವಾಲೆಗೆ ಬಂದು ಅಂಕಿ ಕೆಡಿಸುತ್ತದೆ. ಕೊಳ್ಳುವ ಮುನ್ನ ನಿಮ್ಮದೇ ಮಣ್ಣು, ನೀರು ಒಯ್ದು ಕಣ್ಣೆದುರೇ ಅಳೆಯಿಸಿ. ಕೆಟ್ಟರೆ ಎಂಜಿನಿಯರ್ ಎಷ್ಟು ದಿನದೊಳಗೆ ದಾವಣಗೆರೆಗೆ ಬರಬೇಕೆಂಬುದನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಿ.